ಹಡಗು ಬಂದ ದಿನ ಊರಿಗೆ ಹಬ್ಬ

ನನ್ನ ಹಾಸ್ಟೆಲ್ ರೂಮ್‌ಮೇಟ್‌ನ ಊರು ಹಟ್ ಬೇ. ‘ಎಲ್ಲಿ ಬರುತ್ತೆ ಅದು?’ ಎಂದವರಿಗೆಲ್ಲ ಮೊಬೈಲ್‌ನಲ್ಲಿ ಮ್ಯಾಪ್ ತೆಗೆದು ಬಂಗಾಳಕೊಲ್ಲಿಯ ನೀಲಿಯೊಳಗೆ ಬೆರಳಿಡುತ್ತಾನೆ. ಅದು ಅಂಡಮಾನ್ ದ್ವೀಪಗಳ ದಕ್ಷಿಣ ತುದಿಯ ಲಿಟ್ಲ್ ಅಂಡಮಾನ್. ಐದನೇ ಸೆಮ್ ಪರೀಕ್ಷೆ ಮುಗಿದಾಗ ‘ಈ ಸಲ ನೀನೂ ಬಾರೋ’ ಎಂದ. ಹೊರಟೇಬಿಟ್ಟೆ.

ಪೋರ್ಟ್‌ಬ್ಲೇರ್‌ವರೆಗೆ ವಿಮಾನ. ಮುಂದೆ ಹಡಗೇ ಗತಿ. ರಾತ್ರಿ ಹತ್ತಿದವರು ಬೆಳಗಿನ ಜಾವ ಇಳಿದೆವು. ಜೆಟ್ಟಿಯಲ್ಲಿ ಜಾತ್ರೆಯಂಥ ಜನ. ತರಕಾರಿ ಚೀಲ, ಔಷಧಿ ಡಬ್ಬ, ರಜೆಗೆ ಬಂದ ಮಕ್ಕಳು, ಎಲ್ಲವೂ ಅದರಲ್ಲೇ ಬರಬೇಕು.

ಮಾರನೇ ದಿನ ಬೈಕ್‌ನಲ್ಲಿ ಬಟ್ಲರ್ ಬೇ ಕಡಲತೀರಕ್ಕೆ ಹೋದೆವು. ಗೋಕರ್ಣ, ಮಲ್ಪೆ ನೋಡಿದ ಕಣ್ಣಿಗೆ ಇದು ಬೇರೆಯದೇ ಲೋಕ. ಸೆಲ್ಫಿಗೆ ನೂಕುನುಗ್ಗಲಿಲ್ಲ, ಗೋಬಿ ಗಾಡಿಯಿಲ್ಲ. ಬಾಗಿದ ಬಿಳಿ ಮರಳಿನ ಮೇಲೆ ನಮ್ಮಿಬ್ಬರದ್ದೇ ಹೆಜ್ಜೆ. ಜೊತೆಗೆ ಶಂಖ ಹೊತ್ತು ಓಡುವ ಪುಟ್ಟ ಏಡಿಗಳು. ‘ಹಳ್ಳ ಸಮುದ್ರ ಸೇರೋ ಕಡೆ ಹೋಗ್ಬೇಡ, ಮೊಸಳೆ ಇರುತ್ತೆ’ ಎಂದು ಅವನು ತಣ್ಣಗೆ ಹೇಳಿದ. ಸಂಜೆ ಐದೂವರೆಗೆಲ್ಲ ಕತ್ತಲು! ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಈ ದ್ವೀಪ ಇರುವುದು ಬಹಳ ಪೂರ್ವಕ್ಕೆ.

ರಾತ್ರಿ ಊಟಕ್ಕೆ ಕೂತಾಗ ಅವನ ತಂದೆ 2004ರ ಡಿಸೆಂಬರ್ 26ರ ಕಥೆ ಹೇಳಿದರು. ಸುನಾಮಿ ಹಟ್ ಬೇಯನ್ನು ಗುಡಿಸಿಹಾಕಿತ್ತು. ಇದೇ ದ್ವೀಪದ ಮೂಲನಿವಾಸಿಗಳಾದ ಓಂಗೆ ಜನ ಮಾತ್ರ ಸಮುದ್ರದ ವರ್ತನೆ ಕಂಡೊಡನೆ ಎತ್ತರದ ಕಾಡಿಗೆ ಹೋಗಿ ಉಳಿದುಕೊಂಡರು. ಅವರ ಸಂಖ್ಯೆ ಆಗ ನೂರರ ಆಸುಪಾಸು. ಅವರ ಮೀಸಲು ಪ್ರದೇಶಕ್ಕೆ ನಮ್ಮಂಥವರಿಗೆ ಪ್ರವೇಶವಿಲ್ಲ.

2021ರಲ್ಲಿ ನೀತಿ ಆಯೋಗದ ಯೋಜನೆಯೊಂದು ಸುದ್ದಿಯಾಗಿತ್ತು. ಈ ದ್ವೀಪದಲ್ಲಿ ವಿಮಾನ ನಿಲ್ದಾಣ, ರೆಸಾರ್ಟ್, ಹೊಸ ನಗರ ಕಟ್ಟುವ ಕನಸದು. ಕಾಡು ಹೋಗುತ್ತದೆ, ಕಡಲಾಮೆಗಳು ಮೊಟ್ಟೆಯಿಡುವ ತೀರ ಹಾಳಾಗುತ್ತದೆ ಎಂದು ಪರಿಸರವಾದಿಗಳು ವಿರೋಧಿಸಿದರು. ‘ಈ ಊರು ಹೀಗೇ ಇರಲಿ ಅಂಕಲ್’ ಎಂದೆ ನಾನು.

ಅವರು ನಕ್ಕರು. ‘ನೀನು ನಾಲ್ಕು ದಿನಕ್ಕೆ ಬಂದವನಪ್ಪ. ದೊಡ್ಡ ಕಾಯಿಲೆ ಬಂದರೆ ನಾವು ಪೋರ್ಟ್‌ಬ್ಲೇರ್‌ಗೇ ಓಡಬೇಕು. ಸಮುದ್ರ ಕೆರಳಿದರೆ ಹಡಗೂ ಇಲ್ಲ. ನಮಗೆ ರೆಸಾರ್ಟ್ ಬೇಡ, ಡಾಕ್ಟರ್ ಬೇಕು.’

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಬೇಡದ್ದನ್ನೂ ಬೇಕಾದ್ದನ್ನೂ ಒಂದೇ ಗಂಟಿಗೆ ಹಾಕಿ ‘ಅಭಿವೃದ್ಧಿ’ ಎಂದು ಹೆಸರಿಡುತ್ತೇವಲ್ಲ! 2020ರಲ್ಲಿ ಚೆನ್ನೈನಿಂದ ಅಂಡಮಾನ್‌ಗೆ ಬಂದ ಸುಮಾರು 2,300 ಕಿ.ಮೀ. ಉದ್ದದ ಕೇಬಲ್ ಸಮುದ್ರದ ತಳದಲ್ಲೇ ಲಿಟ್ಲ್ ಅಂಡಮಾನನ್ನೂ ತಲುಪಿದೆ. ಅದಕ್ಕಾಗಿ ದ್ವೀಪದಲ್ಲಿ ಹೊಸ ನಗರ ಕಟ್ಟಬೇಕಾಗಲಿಲ್ಲ. ಎಂಜಿನಿಯರಿಂಗ್‌ಗೆ ಈ ದಾರಿಯೂ ಗೊತ್ತು.

ದ್ವೀಪದ ಕರೆಂಟಿಗೆ ಡೀಸೆಲ್ ಕೂಡ ಹಡಗಿನಲ್ಲೇ ಬರಬೇಕು. ಹಾಗಾಗಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾವಿಬ್ಬರೂ ಆರಿಸಿಕೊಂಡ ವಿಷಯ, ಸಣ್ಣ ಆಸ್ಪತ್ರೆಯ ಲಸಿಕೆ ಫ್ರಿಜ್ ಮತ್ತು ಹೆರಿಗೆ ಕೋಣೆಗೆ ಸೋಲಾರ್ ವಿದ್ಯುತ್. ‘ಪ್ಲೇಸ್‌ಮೆಂಟ್‌ಗೆ ಇದರಿಂದ ಏನು ಲಾಭ?’ ಎಂದು ಕ್ಲಾಸಿನವರು ಕೇಳುತ್ತಾರೆ. ಗೊತ್ತಿಲ್ಲ. ರೂಮ್‌ಮೇಟ್ ಮಾತ್ರ ಬೆಂಗಳೂರಿನ ಕಂಪನಿಗಳ ಜೊತೆಗೆ ತನ್ನ ದ್ವೀಪದ ವಿದ್ಯುತ್ ಇಲಾಖೆಯ ನೇಮಕಾತಿಯ ಮೇಲೂ ಈಗ ಕಣ್ಣಿಟ್ಟಿದ್ದಾನೆ.