ಬಂಕಿನ ಬಿಲ್ಲು, ಬೀದಿಯ ಗುಂಡಿ

ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರೆ ಬಿಲ್ಲಿನಲ್ಲಿ ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಎಂದು ಪೈಸೆ ಲೆಕ್ಕದಲ್ಲಿ ಬರೆದಿರುತ್ತದೆ. ಪೆಟ್ರೋಲ್ ಬಂಕಿನ ಚೀಟಿಯಲ್ಲಿ ಲೀಟರು, ದರ, ಒಟ್ಟು ಮೊತ್ತ ಇರುತ್ತವೆ. ತೆರಿಗೆಯ ಸಾಲೇ ಇಲ್ಲ. ಆದರೂ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲೋ ಭದ್ರಾವತಿಯಲ್ಲೋ ಸ್ಕೂಟರಿಗೆ ಐದು ಲೀಟರ್ ಹಾಕಿಸಿದವರು, ಈ ದುಡ್ಡಿನಲ್ಲಿ ಒಂದಿಷ್ಟು ನಮ್ಮ ಬೀದಿಗೆ ಬರುತ್ತದೆ ಎಂದೇ ತಿಳಿದಿರುತ್ತಾರೆ. ಲೆಕ್ಕ ಬಿಡಿಸಿ ನೋಡೋಣ. 2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೂ ಡೀಸೆಲಿನದನ್ನು ಶೇ 14.34ರಿಂದ 18.44ಕ್ಕೂ ಏರಿಸಿತು. ಅಂದಿನ ದರದಲ್ಲಿ ಐದು ಲೀಟರ್ ಪೆಟ್ರೋಲಿಗೆ ರಾಜ್ಯದ ತೆರಿಗೆ ಸುಮಾರು 114 ರೂಪಾಯಿ. ಕೇಂದ್ರದ ಸುಂಕ ಆಗ ಲೀಟರಿಗೆ 19.90ರಂತೆ ನೂರಕ್ಕೆ ಎಂಟಾಣೆ ಕಡಿಮೆ. ಅದರಲ್ಲಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್ 25 ರೂಪಾಯಿ. ಎಲ್ಲ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಬರೀ 7 ರೂಪಾಯಿ. ಶಿವಮೊಗ್ಗ ಮಹಾನಗರ ಪಾಲಿಕೆಗೋ ಭದ್ರಾವತಿ ನಗರಸಭೆಗೋ ನೇರವಾಗಿ ಹೋಗುವುದು ಸೊನ್ನೆ.

ರಾಜ್ಯದ 114 ರೂಪಾಯಿ ಸಂಚಿತ ನಿಧಿಗೆ ಸೇರಿದ ಮೇಲೆ ಅದು ಪೆಟ್ರೋಲಿನ ದುಡ್ಡೋ ಮದ್ಯದ ದುಡ್ಡೋ ಗುರುತು ಉಳಿಯುವುದಿಲ್ಲ. ವಾರ್ಡಿನ ರಸ್ತೆ ನಿಂತಿರುವುದು ಆಸ್ತಿ ತೆರಿಗೆ, ಹಣಕಾಸು ಆಯೋಗಗಳ ಅನುದಾನ ಮತ್ತು ಆಗಾಗ ಘೋಷಣೆಯಾಗುವ ವಿಶೇಷ ಪ್ಯಾಕೇಜುಗಳ ಮೇಲೆ. ದೊಡ್ಡ ಕೆಲಸಗಳಿಗೆ ಹಣ ಸಿಗುವುದಿಲ್ಲ ಎಂದಲ್ಲ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಅದು ಕೇಂದ್ರ ಕಟ್ಟಿದ ಹೆದ್ದಾರಿ ಸೇತುವೆ. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಫುಟ್‌ಪಾತ್, ಚರಂಡಿ, ರಸ್ತೆಗಳೂ ಆದವು. ಹದಿನೆಂಟು ಕಿಲೋಮೀಟರ್ ಆಚೆಯ ಭದ್ರಾವತಿ ಆ ಪಟ್ಟಿಯಲ್ಲಿರಲಿಲ್ಲ. ಆದರೆ ರಸ್ತೆ ಒಮ್ಮೆ ಮಾಡಿ ಮರೆಯುವ ವಸ್ತುವಲ್ಲ. ಡಾಂಬರಿನಲ್ಲಿ ಮೊದಲು ಕೂದಲೆಳೆಯ ಬಿರುಕು; ಜೂನಿನ ಮಳೆ ಅದರೊಳಗಿಳಿದು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ; ಮೇಲೆ ಲಾರಿ ಹಾದಾಗ ಒಳಗಿನ ನೀರಿಗೇ ಒತ್ತಡ ಬಿದ್ದು ಜಲ್ಲಿ ಎದ್ದು ಬರುತ್ತದೆ. ಬಿರುಕಿದ್ದಾಗಲೇ ಮುಚ್ಚಿದರೆ ಖರ್ಚು ಅಲ್ಪ, ಗುಂಡಿಯಾದ ಮೇಲೆ ಅದರ ಹಲವು ಪಟ್ಟು. ಮುಚ್ಚಲು ಬೇಕಾದದ್ದು ಪ್ಯಾಕೇಜಲ್ಲ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕೈಗೆ ಸಿಗುವ ಸಣ್ಣ, ಖಚಿತ ಮೊತ್ತ. ಅದಕ್ಕೇ ನನ್ನ ವಾದ ಇಷ್ಟು: ಬಂಕಿನಲ್ಲಿ ಸಂಗ್ರಹವಾಗುವ ಮಾರಾಟ ತೆರಿಗೆಯಲ್ಲಿ ಲೀಟರಿಗೆ ಒಂದು ರೂಪಾಯಿಯಾದರೂ, ಯಾರ ಶಿಫಾರಸೂ ಇಲ್ಲದೆ, ಅದು ಮಾರಾಟವಾದ ಊರಿನ ರಸ್ತೆ ದುರಸ್ತಿಗೆ ಹಕ್ಕಾಗಿ ಬರಬೇಕು.

ಇದು ಹೊಸ ಯೋಚನೆಯೇನಲ್ಲ. ಎಂ.ಆರ್. ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಗ್ಯಾಲನ್ ಪೆಟ್ರೋಲಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ ರಸ್ತೆ ನಿಧಿ ಮಾಡಿದಾಗ, ಹಂಚಿಕೆಗೆ ಆಧಾರ ಮಾಡಿಕೊಂಡದ್ದು ಎಲ್ಲೆಲ್ಲಿ ಎಷ್ಟು ಪೆಟ್ರೋಲ್ ಖರ್ಚಾಯಿತು ಎಂಬುದನ್ನೇ. ಊರುಗಳಿಗೆ ತಮ್ಮದೇ ಸರಕು ತೆರಿಗೆಯೂ ಇತ್ತು: ಆಕ್ಟ್ರಾಯ್. ಲಾರಿಗಳನ್ನು ನಾಕಾದಲ್ಲಿ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದ ಆ ಪದ್ಧತಿ ಕರ್ನಾಟಕದಲ್ಲಿ 1979ರಲ್ಲಿ ಹೋದದ್ದು ಒಳ್ಳೆಯದೇ ಆಯಿತು. ಬದಲಿಗೆ ಬಂದ ಪ್ರವೇಶ ತೆರಿಗೆಯನ್ನು ರಾಜ್ಯ ವಸೂಲಿ ಮಾಡಿತು. 2017ರಲ್ಲಿ ಅದೂ ಜಿಎಸ್‌ಟಿಯಲ್ಲಿ ಕರಗಿತು. ಜಿಎಸ್‌ಟಿಯ ಹೊರಗೆ ಉಳಿದ ಪೆಟ್ರೋಲ್, ಡೀಸೆಲ್ ಮೇಲೆ ಮಾರಾಟ ತೆರಿಗೆಯ ದರ ನಿಗದಿ ಮಾಡುವ ಅಧಿಕಾರ ಇಂದಿಗೂ ರಾಜ್ಯದ ಕೈಯಲ್ಲೇ ಇದೆ. ಆದ್ದರಿಂದ ಈ ಒಂದು ರೂಪಾಯಿಗೆ ದೆಹಲಿಯ ಬಾಗಿಲು ತಟ್ಟಬೇಕಿಲ್ಲ. ಅಮೆರಿಕದ ಓರೆಗಾನ್ 1919ರಲ್ಲೇ ರಸ್ತೆಗೆಂದು ಇಂಧನ ತೆರಿಗೆ ಹಾಕಿತು. ಅಲ್ಲಿ ಈಗ ಕೆಲವು ಊರುಗಳು ತಾವೇ ಬೇರೆ ತೆರಿಗೆ ಹಾಕುತ್ತವೆ. ನಮಗೆ ಅಷ್ಟು ದೂರ ಹೋಗುವುದು ಬೇಡ, ಇರುವುದರಲ್ಲಿ ಪಾಲು ಸಿಕ್ಕರೆ ಸಾಕು.

ಸರ್ಕಾರದ ಕೈ ಕಟ್ಟಿದಂತಾಗುತ್ತದೆ, ಆಸ್ಪತ್ರೆಗೂ ಶಾಲೆಗೂ ಹಣ ಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕೇಳುತ್ತಿರುವುದು ಪೆಟ್ರೋಲಿನ ಸುಮಾರು 23 ರೂಪಾಯಿಯಲ್ಲಿ ಒಂದು. ಹೆದ್ದಾರಿ ಬದಿಯ ಬಂಕುಗಳಿರುವ ಊರಿಗೆ ಲಾಭ, ಒಳಗಿನ ಊರಿಗೆ ಮೋಸ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ; ಬೆಂಗಳೂರಿಗೆ ಹೋಗುವ ಲಾರಿ ಎಲ್ಲಿ ಡೀಸೆಲ್ ತುಂಬಿಸುತ್ತದೋ ಅಲ್ಲೇ ರಸ್ತೆ ಸವೆಸುವುದಿಲ್ಲ. ಇದಕ್ಕೂ ದಾರಿಯಿದೆ. ಕೇಂದ್ರ ರಸ್ತೆ ನಿಧಿಯ ಹಣವನ್ನು ರಾಜ್ಯಗಳಿಗೆ ಹಂಚುವಾಗ ಇಂಧನ ಬಳಕೆಗೆ ಶೇ 30, ಭೂವಿಸ್ತಾರಕ್ಕೆ ಶೇ 70 ತೂಕ ಕೊಡುತ್ತಿದ್ದರು. ಊರುಗಳಿಗೆ ಭೂವಿಸ್ತಾರದ ಬದಲು ರಸ್ತೆಯ ಉದ್ದ ಹಿಡಿಯಬಹುದು. ಎರಡೂ ಊರುಗಳಿಗೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ ಇರುವುದರಿಂದ ಪ್ರಯೋಗಕ್ಕೆ ಶಿವಮೊಗ್ಗ-ಭದ್ರಾವತಿ ಹೇಳಿ ಮಾಡಿಸಿದ ಜೋಡಿ. ಕಾಗದದ ಕಾರ್ಖಾನೆ ನಿಂತು, ಉಕ್ಕಿನ ಕಾರ್ಖಾನೆ ಸೊರಗಿದ ಭದ್ರಾವತಿಯಲ್ಲಿ ಆಸ್ತಿ ತೆರಿಗೆಯನ್ನೇ ನೆಚ್ಚಿ ಕೂರುವುದೂ ಕಷ್ಟ. ಇನ್ನು, ಬಂದ ಹಣವನ್ನು ಗುತ್ತಿಗೆದಾರರು ನುಂಗುತ್ತಾರೆ ಎಂಬ ಮಾತು. ನುಂಗಲು ಸಲೀಸಾಗುವುದು ಮಾರ್ಚ್ ಕೊನೆಯಲ್ಲಿ ಗಡಿಬಿಡಿಯಿಂದ ಖರ್ಚಾಗುವ ಅನುದಾನ; ಇಷ್ಟು ಲೀಟರಿಗೆ ಇಷ್ಟು ರೂಪಾಯಿ ಎಂದು ಯಾರು ಬೇಕಾದರೂ ಗುಣಿಸಿ ನೋಡಬಹುದಾದ ಹಣವಲ್ಲ.

ಎಲೆಕ್ಟ್ರಿಕ್ ಸ್ಕೂಟರು ಹೆಚ್ಚಿದಂತೆ ಈ ಆದಾಯವೇ ಇಳಿಯುತ್ತದಲ್ಲ ಎಂಬ ಪ್ರಶ್ನೆ ಉಳಿಯಿತು. ಇಳಿಯುತ್ತದೆ, ನಿಧಾನವಾಗಿ. ಆದರೆ ರಸ್ತೆ ಮುರಿಯುವುದು ಸ್ಕೂಟರಲ್ಲ: ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು ಹದಿನಾರು ಪಟ್ಟು ಎನ್ನುವುದು ಎಂಜಿನಿಯರುಗಳ ಲೆಕ್ಕ. ಆ ಭಾರ ಎಳೆಯುವ ಲಾರಿಗಳು ಇನ್ನೂ ಡೀಸೆಲಿನಲ್ಲೇ ಓಡುತ್ತಿವೆ, ಅದೂ ಪೆಟ್ರೋಲಿಗಿಂತ ಕಡಿಮೆ ದರದ ತೆರಿಗೆ ಕೊಟ್ಟು. ನಾಳೆ ಅವೂ ಬ್ಯಾಟರಿಗೆ ತಿರುಗಿದರೆ, ಕರೆಂಟಿನ ಮೇಲೂ ರಾಜ್ಯದ ತೆರಿಗೆ ಇದ್ದೇ ಇದೆ. ಯಾವ ಚಾರ್ಜಿಂಗ್ ಮೀಟರು ಯಾವ ಊರಿನಲ್ಲಿದೆ ಎಂಬುದು ಇಲ್ಲಿಗೆ ವಿದ್ಯುತ್ ಕೊಡುವ ಮೆಸ್ಕಾಂ ಕಂಪನಿಯ ಪುಸ್ತಕದಲ್ಲಿ ಬರೆದಿರುತ್ತದೆ.