ನಂಜನಗೂಡು, ತಿ. ನರಸೀಪುರದ ಶಾಸನಗಳು: ಮನೆಯಲ್ಲೇ ಕುಳಿತು ಮಾಡಬಹುದಾದ ಶ್ರುತಸೇವೆ

ತಿ. ನರಸೀಪುರ ತಾಲ್ಲೂಕಿನ ಕೂಡ್ಲೂರಿನಲ್ಲಿ ದೊರೆತ ತಾಮ್ರಶಾಸನ ಗಂಗ ದೊರೆ ಮಾರಸಿಂಹನದು. ವಾದಿಘಂಘಲ ಭಟ್ಟರೆಂದು ಹೆಸರಾದ ಜೈನ ವಿದ್ವಾಂಸ ಮುಂಜಾರ್ಯರಿಗೆ ಗ್ರಾಮವೊಂದನ್ನು ದತ್ತಿ ಬಿಟ್ಟ ವಿಷಯ ಅದರಲ್ಲಿದೆ. ಕಾಲ ಶಕವರ್ಷ 884, ಅಂದರೆ ಕ್ರಿ.ಶ. 962–63. ಇದೇ ಮಾರಸಿಂಹ ಮುಂದೆ ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡನೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಗಂಗರ ರಾಜಧಾನಿ ತಲಕಾಡಿನ ಸೀಮೆಯಲ್ಲಿ ಜೈನಧರ್ಮ ಹೇಗಿತ್ತೆಂದು ತಿಳಿಯಲು ಇಂಥ ಬರಹಗಳೇ ಆಧಾರ.

ಪುಸ್ತಕದಲ್ಲಿದೆ, ಸ್ಥಳದಲ್ಲಿದೆಯೇ?

ಬಿ.ಎಲ್. ರೈಸ್ ಅವರು ಈ ಎರಡೂ ತಾಲ್ಲೂಕುಗಳ ಶಾಸನಗಳನ್ನು 1894ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' 3ನೇ ಸಂಪುಟದಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು 3ನೇ ಸಂಪುಟದಲ್ಲೂ ತಿ. ನರಸೀಪುರ 5ನೇ ಸಂಪುಟದಲ್ಲೂ ಇವೆ. ಕಲ್ಲು ಇದ್ದ ಜಾಗವನ್ನು ಮಾತ್ರ ಒಂದೇ ಸಾಲಿನಲ್ಲಿ ಹೇಳಲಾಗಿದೆ. ಅಷ್ಟರಲ್ಲಿ ಹೊಲಗಳ ಒಡೆಯರು ಬದಲಾಗಿದ್ದಾರೆ, ರಸ್ತೆಗಳು ಅಗಲವಾಗಿವೆ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ದಾಸ್ತಾನು ಪುಸ್ತಕದಲ್ಲಿರುವುದು ಗೋದಾಮಿನಲ್ಲಿದೆಯೇ ಎಂದು ನೋಡುವ ಕೆಲಸ ಉಳಿದಿದೆ.

ಬೆಂಗಳೂರಿನಲ್ಲಿ ಈ ಕೆಲಸವನ್ನು ಆಸಕ್ತ ನಾಗರಿಕರೇ ಕೈಗೆತ್ತಿಕೊಂಡರು. 2018ರಲ್ಲಿ ಹೆಬ್ಬಾಳದ ಚರಂಡಿ ಕಾಮಗಾರಿ ವೇಳೆ ಸಿಕ್ಕಿದ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಅವರ ಪ್ರಯತ್ನದಿಂದ ಉಳಿಯಿತು. ಈಗ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಪರದೆಯ ಮೇಲೆ ಬೆಳಕಿನ ದಿಕ್ಕು ಬದಲಿಸಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ದೂರದಲ್ಲಿರುವವರು ಮಾಡಬಹುದಾದದ್ದು

ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯಗಳು 2013ರಿಂದ ಹಳೆಯ ಕೈಬರಹದ ಪುಟಗಳನ್ನು ಅಂತರ್ಜಾಲದಲ್ಲಿಟ್ಟು ಸ್ವಯಂಸೇವಕರಿಂದ ಟೈಪ್ ಮಾಡಿಸುತ್ತಿವೆ. ಒಬ್ಬರು ಟೈಪ್ ಮಾಡಿದ್ದನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಕನ್ನಡ ವಿಕಿಸೋರ್ಸ್‌ನಲ್ಲೂ ಇದೇ ಕ್ರಮ. ಹಳೆಯ ಪುಸ್ತಕದ ಪುಟದ ಚಿತ್ರ ಒಂದು ಕಡೆ, ಪಠ್ಯ ಇನ್ನೊಂದು ಕಡೆ ಇರುತ್ತದೆ. ಕಂಪ್ಯೂಟರ್ ಒತ್ತಕ್ಷರಗಳಲ್ಲಿ ತಪ್ಪುತ್ತದೆ; ಕನ್ನಡ ಓದಬಲ್ಲವರು ತಿದ್ದುತ್ತಾರೆ. ದಿನಕ್ಕೊಂದು ಪುಟ ತಿದ್ದಲು ಪಂಡಿತರೇ ಆಗಬೇಕಿಲ್ಲ.

ಊರಿನಲ್ಲಿರುವವರು ಗಮನಿಸಬೇಕಾದದ್ದು

• ಶಾಸನದ ಫೋಟೋವನ್ನು ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ.
• ಅಕ್ಷರದ ಮೇಲೆ ಸೀಮೆಸುಣ್ಣ, ಎಣ್ಣೆ, ಬಣ್ಣ ಬೇಡ.
• ಊರು, ಜಾಗ, ದಿನಾಂಕ, ಸಂಪುಟದಲ್ಲಿರುವ ಶಾಸನ ಸಂಖ್ಯೆ ಬರೆದಿಡಿ. ಹೆಸರಿಲ್ಲದ ಫೋಟೋ ಯಾರಿಗೂ ಉಪಯೋಗವಿಲ್ಲ.
• ತಾಳೆಗರಿಗೆ ಲ್ಯಾಮಿನೇಷನ್, ಅಂಟುಪಟ್ಟಿ ಹಾಕಬೇಡಿ. ಗರಿಗಳ ಕ್ರಮ ತಪ್ಪಿಸದೆ ಎರಡೂ ಬದಿಯ ಚಿತ್ರ ತೆಗೆಯಿರಿ.
• ಬಸದಿಯ ಆಡಳಿತದವರ ಒಪ್ಪಿಗೆ ಪಡೆಯಿರಿ. ಪಂಚಲೋಹದ ಪ್ರತಿಮೆಗಳು ಇರುವ ಜಾಗವನ್ನು ಬಹಿರಂಗಪಡಿಸಬೇಡಿ. ಕಳ್ಳರೂ ಅಂತರ್ಜಾಲ ನೋಡುತ್ತಾರೆ.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದನ್ನು ಎಲ್ಲರೂ ಬಲ್ಲರು. ಪ್ರತಿ ಹೆಚ್ಚಿದಷ್ಟೂ ಗ್ರಂಥ ಉಳಿಯುತ್ತದೆಂಬುದು ಆಕೆಗೆ ತಿಳಿದಿತ್ತು. ಶ್ರುತಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗಳನ್ನು ಹೊರತೆಗೆದು ಧೂಳು ಒರೆಸಿ ಹೊಸ ವಸ್ತ್ರ ಸುತ್ತುವ ರೂಢಿಯಿದೆ. ವಸ್ತ್ರ ಸುತ್ತುವ ಮೊದಲು ಒಂದೊಂದು ಗರಿಯ ಚಿತ್ರವನ್ನೂ ತೆಗೆದಿಟ್ಟರೆ ಅದೂ ಶಾಸ್ತ್ರದಾನವೇ.