ಮೋರ್, ಮೋಸ್ಟ್ ಮತ್ತು ನಮ್ಮ ತರ-ತಮ



ಈಚೆಗೆ ಆಫೀಸಿನಿಂದ ಕಳಿಸಿದ ಮಿಂಚಂಚೆಯೊಂದರಲ್ಲಿ ಹೊಸ ತಂತ್ರಾಂಶ ಹಳೆಯದಕ್ಕಿಂತ 'ಮೋರ್ ಫಾಸ್ಟರ್' ಎಂದು ಬರೆದುಬಿಟ್ಟೆವು. ಗ್ರಾಹಕರು ಏನೂ ಹೇಳಲಿಲ್ಲ. ಮನೆಯಲ್ಲಿ ಐದನೇ ಕ್ಲಾಸಿನ ಮಗಳು ಬಿಡಲಿಲ್ಲ. ಇಷ್ಟು ವರ್ಷ ಇಂಗ್ಲಿಷಿನಲ್ಲೇ ಅನ್ನ ದುಡಿದವರು ಇಲ್ಲೇ ಏಕೆ ಎಡವುತ್ತೇವೆ?

ಕನ್ನಡದಲ್ಲಿ ಗುಣವಾಚಕ ಅಲ್ಲಾಡುವುದೇ ಇಲ್ಲ. 'ಅಣ್ಣನಿಗಿಂತ ತಮ್ಮ ಎತ್ತರ' ಎಂದರೆ ಮುಗಿಯಿತು, ಹೋಲಿಕೆಯ ಭಾರವನ್ನೆಲ್ಲ 'ಇಂತ' ಹೊರುತ್ತದೆ. ಇಂಗ್ಲಿಷಿನಲ್ಲಿ ಪದವೇ ಬದಲಾಗಬೇಕು: ಟಾಲ್, ಟಾಲರ್, ಟಾಲೆಸ್ಟ್. ಬ್ಯೂಟಿಫುಲ್‌ನಂಥ ಉದ್ದ ಪದಗಳಿಗೆ ಮೋರ್, ಮೋಸ್ಟ್. ಎರಡನ್ನೂ ಒಟ್ಟಿಗೆ ಹಚ್ಚುವಂತಿಲ್ಲ. 'ಜೂಲಿಯಸ್ ಸೀಸರ್'ನಲ್ಲಿ ಆಂಟನಿಯ ಬಾಯಲ್ಲಿ ಷೇಕ್ಸ್‌ಪಿಯರ್ ಹಾಗೆ ಹಚ್ಚಿದ್ದಾನೆ, ನಿಜ. ಅವನ ಕಾಲದಲ್ಲಿ ಅದು ನಡೆಯುತ್ತಿತ್ತು. ನಮಗೆ ಆ ರಿಯಾಯಿತಿ ಇಲ್ಲ!

'ಇಂತ' ಕಂಡಲ್ಲೆಲ್ಲ 'ದ್ಯಾನ್' ಹಾಕುವುದೂ ಅಪಾಯ. ಸೀನಿಯರ್, ಜೂನಿಯರ್, ಸುಪೀರಿಯರ್ ಇವು ಲ್ಯಾಟಿನ್ನಿನಿಂದ ಹೋಲಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದವು. ಇವಕ್ಕೆ 'ಟು' ಬೇಕು. ಇನ್ನು 'ಒನ್ ಆಫ್ ದ ಬೆಸ್ಟ್' ಆದಮೇಲೆ ಪೊಯೆಟ್ ಅಲ್ಲ, ಪೊಯೆಟ್ಸ್. ಹಲವರಲ್ಲಿ ಒಬ್ಬರು ತಾನೇ? ನಾವು ಬರೆಯುವ ಅತಿಥಿ ಪರಿಚಯಗಳಲ್ಲಿ ಈ 'ಎಸ್' ಬಿಟ್ಟುಹೋಗುವುದೇ ಹೆಚ್ಚು.

ಹಾಗೆಂದು ಬಹಳ ನಾಚಬೇಕಿಲ್ಲ. ಸಂಸ್ಕೃತದಲ್ಲಿ 'ತರ' ಹೋಲಿಕೆಗೆ, 'ತಮ' ಎಲ್ಲಕ್ಕೂ ಮಿಗಿಲಾದುದಕ್ಕೆ. 'ತಾರತಮ್ಯ' ಹುಟ್ಟಿದ್ದು ಇವೆರಡರಿಂದಲೇ. 'ಶ್ರೇಷ್ಠ' ಎಂದರೇ ಎಲ್ಲಕ್ಕೂ ಮಿಗಿಲು. ಆದರೂ ಅದಕ್ಕೆ ಮತ್ತೊಂದು ತಮ ಅಂಟಿಸಿ 'ಶ್ರೇಷ್ಠತಮ' ಎನ್ನುತ್ತೇವಲ್ಲ! ಮಗಳಿಗೆ ಇದನ್ನು ವಿವರಿಸಿದೆವು.

"ಓ, ಮೋಸ್ಟ್ ಬೆಸ್ಟ್!" ಎಂದಳು.